ದೊಡ್ಡ ಟೈರ್ ಹಾಕಿದ ಮೇಲೆ ಕ್ರೌನ್-ಪಿನಿಯನ್ ಲೆಕ್ಕ

ಆಕ್ಸಲ್ ಒಳಗೆ ಪಿನಿಯನ್ ಎಂಬ ಚಿಕ್ಕ ಗೇರು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸಿ ಎಂಜಿನ್ನಿನ ಬಲವನ್ನು ಚಕ್ರಗಳಿಗೆ ದಾಟಿಸುತ್ತದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಆಕ್ಸಲ್‌ನಲ್ಲಿ ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 39. 39ನ್ನು 8ರಿಂದ ಭಾಗಿಸಿದರೆ ಅನುಪಾತ 4.88; ಕ್ರೌನ್ ಒಂದು ಸುತ್ತು ತಿರುಗಲು ಪಿನಿಯನ್ ಅಷ್ಟು ಸುತ್ತು ತಿರುಗಬೇಕು. 1945ರಲ್ಲಿ ರೈತರಿಗೆಂದು ಬಂದ ಸಿಜೆ-2ಎ ಜೀಪಿಗೆ ಕಂಪನಿಯೇ 43 ಹಲ್ಲಿನ ಕ್ರೌನ್ ಕೂರಿಸಿ ಅನುಪಾತವನ್ನು 5.38ಕ್ಕೆ ಏರಿಸಿತು. ಹೊಲದಲ್ಲಿ ಎಳೆಯುವ ಬಲ ಹೆಚ್ಚಿತು, ರಸ್ತೆಯಲ್ಲಿ ಓಟ ತಗ್ಗಿತು.

ಈಗ ಕ್ರೌನ್-ಪಿನಿಯನ್ ಬದಲಿಸಿ ಅನುಪಾತ ಏರಿಸಿಕೊಳ್ಳುವವರು ಹೆಚ್ಚಾಗಿ ದೊಡ್ಡ ಟೈರ್ ಹಾಕಿಸಿಕೊಂಡವರು. 3.73 ಅನುಪಾತ, 29 ಇಂಚಿನ ಟೈರ್ ಇರುವ ಗಾಡಿ ನೇರ ಗೇರಿನಲ್ಲಿ (ಗೇರ್‌ಬಾಕ್ಸ್ ಎಂಜಿನ್ ವೇಗವನ್ನು ಬದಲಿಸದೆ ದಾಟಿಸುವ ಗೇರು) ಗಂಟೆಗೆ 100 ಕಿ.ಮೀ. ಓಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,690 ಸುತ್ತು ತಿರುಗುತ್ತದೆ. 33 ಇಂಚಿನ ಟೈರ್ ಹಾಕಿದರೆ ಅದು 2,360ಕ್ಕೆ ಇಳಿದು, ಏರು ಬಂದರೆ ಗಾಡಿ ಮುಕ್ಕರಿಯುತ್ತದೆ. ಮೊದಲಿನಷ್ಟೇ ಸುತ್ತು ಮರಳಿ ಬರಲು ಬೇಕಾದ ಅನುಪಾತಕ್ಕೆ 3.73ನ್ನು 33ರಿಂದ ಗುಣಿಸಿ 29ರಿಂದ ಭಾಗಿಸಿ: 4.24. ಸರಿಯಾಗಿ ಅಷ್ಟೇ ಇರುವ ಸೆಟ್ ಸಿಗುವುದು ಕಷ್ಟ. ಆಚೀಚೆ ಇರುವುದು 4.10 (41/10) ಮತ್ತು 4.56 (41/9). ದೊಡ್ಡ ಟೈರಿನ ತೂಕವೂ ಹೆಚ್ಚು, ಹಾಗಾಗಿ ಘಾಟಿ, ಕೆಸರಿನ ಓಡಾಟಕ್ಕೆ 4.56 ಮೇಲು.

ಫೋರ್ ವೀಲ್ ಗಾಡಿಯಾದರೆ ಮುಂದಿನ, ಹಿಂದಿನ ಎರಡೂ ಆಕ್ಸಲ್ ಬದಲಾಗಲೇಬೇಕು. ಅನುಪಾತ ಬೇರೆ ಬೇರೆ ಇದ್ದು ಗಟ್ಟಿ ನೆಲದ ಮೇಲೆ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಒಡೆಯಬಹುದು.

ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ; ಬೇರೆ ಸೆಟ್ಟಿನವನ್ನು ಬೆರೆಸಬಾರದು. ಬೇರಿಂಗ್, ಸೀಲ್, ಕ್ರೌನ್ ಬೋಲ್ಟ್, ಕ್ರಶ್ ಸ್ಲೀವ್ (ಪಿನಿಯನ್ ಬೇರಿಂಗ್‌ಗಳ ನಡುವಿನ ಕೊಳವೆ) ಹೊಸವೇ ಇರಲಿ. ಜಿಗುಟು ಕೆಲಸ ಇರುವುದು ತೆಳು ಲೋಹದ ಬಿಲ್ಲೆಯಾದ ಶಿಮ್‌ನಲ್ಲಿ. ಪಿನಿಯನ್ ಎಷ್ಟು ಒಳಗೆ ಕೂರಬೇಕೆನ್ನುವುದನ್ನು ಅದರ ಹಿಂದಿನ ಶಿಮ್ ನಿರ್ಧರಿಸುತ್ತದೆ. ಕ್ರೌನ್‌ನ ನಾಲ್ಕೈದು ಹಲ್ಲಿಗೆ ಬಣ್ಣ ಬಳಿದು, ಸ್ವಲ್ಪ ತಡೆ ಕೊಟ್ಟು ತಿರುಗಿಸಿ. ಪಿನಿಯನ್ ತಾಗಿದ ಗುರುತು ಹಲ್ಲಿನ ಬುಡಕ್ಕೆ ಬಿದ್ದರೆ ಪಿನಿಯನ್ ತೀರಾ ಒಳಗಿದೆ, ಶಿಮ್ ತೆಗೆಯಬೇಕು. ತುದಿಗೆ ಬಿದ್ದರೆ ಸೇರಿಸಬೇಕು. 0.05 ಮಿ.ಮೀ. ಬದಲಾದರೂ ಗುರುತು ಸರಿಯುವುದು ಕಣ್ಣಿಗೆ ಕಾಣುತ್ತದೆ. ಬ್ಯಾಕ್‌ಲ್ಯಾಶನ್ನು (ಎರಡು ಗೇರುಗಳ ಹಲ್ಲುಗಳ ನಡುವಿನ ಸಡಿಲ) ಡಯಲ್ ಗೇಜ್ ಇಟ್ಟು ಅಳೆಯಿರಿ: ಬಹುತೇಕ ಆಕ್ಸಲ್‌ಗಳಿಗೆ 0.15ರಿಂದ 0.25 ಮಿ.ಮೀ., ಅಂತಿಮ ಮಾತು ಆಯಾ ಗಾಡಿಯ ಮ್ಯಾನುಯಲ್‌ನದು.

ಪಿನಿಯನ್ ನಟ್ ಬಿಗಿಯುವಾಗ ಅವಸರ ಬೇಡ. ಕ್ರಶ್ ಸ್ಲೀವ್ ಜಜ್ಜಿಕೊಂಡೇ ಬೇರಿಂಗಿಗೆ ಬಿಗಿ ಕೊಡುವುದು. ಮಿತಿ ಮೀರಿದರೆ ನಟ್ ಸಡಿಲಿಸಿ ಪ್ರಯೋಜನವಿಲ್ಲ, ಬಿಚ್ಚಿ ಹೊಸ ಸ್ಲೀವ್ ಹಾಕಬೇಕು. ತುಸು ಬಿಗಿದು, ತಿರುಗಿಸಿ ನೋಡಿ, ಮತ್ತೆ ಬಿಗಿಯಿರಿ.

ಮೊದಲ 25-30 ಕಿ.ಮೀ. ಹದವಾಗಿ ಓಡಿಸಿ ಪೂರ್ತಿ ಆರಲು ಬಿಡಿ. ಹೊಸ ಹಲ್ಲುಗಳು ತಿಕ್ಕಿ ಏಳುವ ಬಿಸಿಗೆ ಎಣ್ಣೆ ಸುಟ್ಟರೆ ಸೆಟ್ಟೇ ಹಾಳು. 800 ಕಿ.ಮೀ. ಆಗುತ್ತಲೇ ಆ ಎಣ್ಣೆ ಚೆಲ್ಲಿ ಹೊಸದು ತುಂಬಿ. ಅಲ್ಲಿಯವರೆಗೆ ಟ್ರೇಲರ್ ಎಳೆಯಬೇಡಿ. ಗೇರ್‌ಬಾಕ್ಸಿನ ಕಡೆಯಿಂದ ವೇಗ ಓದುವ ಸ್ಪೀಡೋಮೀಟರ್ ಇದ್ದರೆ 4.56 ಸೆಟ್ಟಿನಲ್ಲಿ ನಿಜವಾದ 100ಕ್ಕೆ 107 ತೋರಿಸುತ್ತದೆ, ಅದನ್ನೂ ಸರಿಪಡಿಸಿಕೊಳ್ಳಬೇಕು.