ಸ್ವೇ ಬಾರ್: ಕಚ್ಚಾದಾರಿಗೆಂದು ಪಿಕಪ್‌ನಿಂದ ಬಿಚ್ಚಿ ತೆಗೆಯಬಹುದೇ?

ಪಿಕಪ್‌ನ ಮುಂದಿನ ಚಕ್ರಗಳ ನಡುವೆ ಬಗ್ಗಿ ನೋಡಿದರೆ ಈ ಬದಿಯಿಂದ ಆ ಬದಿಗೆ ಅಡ್ಡಲಾಗಿ ಹಾದುಹೋದ ಉಕ್ಕಿನ ಸರಳೊಂದು ಕಾಣುತ್ತದೆ. ಅದರ ನಡುಭಾಗವನ್ನು ಎರಡು ಕಡೆ ರಬ್ಬರ್ ಬುಷ್ ಕೂರಿಸಿ ಛಾಸಿಗೆ ಬಿಗಿದಿರುತ್ತಾರೆ. ಎರಡೂ ತುದಿಗಳು ತೋಳಿನ ಹಾಗೆ ಬಾಗಿ, ಒಂದೊಂದು ಲಿಂಕ್ ರಾಡ್ ಮೂಲಕ ಆಯಾ ಬದಿಯ ಚಕ್ರವನ್ನು ಹಿಡಿದಿರುವ ಕಂಟ್ರೋಲ್ ಆರ್ಮ್‌ಗೋ ಆಕ್ಸಲ್‌ಗೋ ಸೇರಿಕೊಂಡಿರುತ್ತವೆ. ಇದೇ ಸ್ವೇ ಬಾರ್. ಆಂಟಿ-ರೋಲ್ ಬಾರ್ ಎಂದರೂ ಇದೇ, ಕಂಪನಿಯ ಕೈಪಿಡಿಗಳಲ್ಲಿ ಬರುವ ಸ್ಟೆಬಿಲೈಸರ್ ಬಾರ್ ಎಂದರೂ ಇದೇ. ಟ್ರೇಲರ್ ಎಳೆಯುವಾಗ ಹಿಚ್‌ಗೆ ಹಾಕುವ ಸ್ವೇ ಕಂಟ್ರೋಲ್ ಬಾರ್ ಮಾತ್ರ ಬೇರೆಯೇ ಸಾಮಾನು. ಆಕ್ಸಲ್ ಪಕ್ಕಕ್ಕೆ ಜರುಗದಂತೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಕೂಡ ಬೇರೆ. ಇದನ್ನು ಸ್ವೇ ಬಾರ್ ಎಂದುಕೊಂಡು ಬಿಚ್ಚಿಬಿಟ್ಟರೆ ಆಕ್ಸಲ್ ಅತ್ತಿತ್ತ ಸರಿಯತೊಡಗಿ ಸ್ಟೀರಿಂಗ್ ಮೇಲಿನ ನಂಬಿಕೆಯೇ ಹೋಗುತ್ತದೆ. ಹಾಗಾಗಿ ಸ್ಪಾನರ್ ಹಿಡಿಯುವ ಮೊದಲು ಯಾವುದು ಯಾವುದೆಂದು ಖಚಿತ ಮಾಡಿಕೊಳ್ಳಿ.

ಕೆನಡಾದ ಸ್ಟೀಫನ್ ಕೋಲ್ಮನ್ ಎಂಬವರಿಗೆ 1919ರಲ್ಲಿ ಇಂಥದೊಂದು ಸರಳಿನ ಪೇಟೆಂಟ್ ಸಿಕ್ಕಿತ್ತು. ಅಂದಿನಿಂದ ಇಂದಿನವರೆಗೂ ಮೂಲ ತತ್ವ ಬದಲಾಗಿಲ್ಲ. ಎರಡೂ ಚಕ್ರಗಳು ಒಟ್ಟಿಗೆ ಮೇಲೆದ್ದರೆ ಸರಳು ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಯಾವ ತಕರಾರೂ ಇಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಮಾತ್ರ ಅದಕ್ಕೆ ಕೆಲಸ: ಒದ್ದೆ ಬಟ್ಟೆ ಹಿಂಡಿದ ಹಾಗೆ ಎರಡು ತುದಿಗಳು ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳುತ್ತವೆ, ಉಕ್ಕು ತಿರುಚಲು ಒಪ್ಪದೆ ಮರಳಿ ತಳ್ಳುತ್ತದೆ. ಅಂದರೆ ಸ್ವೇ ಬಾರ್ ಕೂಡ ಒಂದು ಸ್ಪ್ರಿಂಗ್, ಎಡ-ಬಲದ ವ್ಯತ್ಯಾಸಕ್ಕೆ ಮಾತ್ರ ಸ್ಪಂದಿಸುವ ಸ್ಪ್ರಿಂಗ್. ಗಟ್ಟಿ ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 30 ಮಿ.ಮೀ. ಸರಳಿನ ಬದಲು 33 ಮಿ.ಮೀ. ಹಾಕಿದರೆ ದಪ್ಪ ಹೆಚ್ಚಿದ್ದು ಹತ್ತನೇ ಒಂದು ಪಾಲು, ಬಿಗಿತ ಹೆಚ್ಚಿದ್ದು ಸುಮಾರು ಶೇ. 46.

ಹಾಗಾದರೆ ಇದನ್ನು ತೆಗೆಯುವ ಮಾತು ಯಾಕೆ ಬರುತ್ತದೆ? ಕೊರಕಲು ಬಿದ್ದ ದಾರಿಯಲ್ಲಿ ನಡೆದಾಡುವ ವೇಗದಲ್ಲಿ ಹೋಗುವ ಪಿಕಪ್ ಒಂದನ್ನು ಗಮನಿಸಿ. ಮುಂದಿನ ಎಡ ಚಕ್ರ ಬಂಡೆ ಹತ್ತಿತು, ಬಲ ಚಕ್ರದ ಅಡಿಯಲ್ಲಿ ಹಳ್ಳ. ಬಲ ಚಕ್ರ ಕೆಳಗಿಳಿದು ನೆಲ ಮುಟ್ಟಬೇಕು. ಆದರೆ ಎಡ ಚಕ್ರದ ಜೊತೆ ಮೇಲೆದ್ದ ಸರಳಿನ ತುದಿ ಬಲ ಚಕ್ರವನ್ನೂ ಮೇಲಕ್ಕೆ ಎಳೆಯುತ್ತದೆ. ಟೈರ್ ಮಣ್ಣನ್ನು ಬರೀ ಸವರುತ್ತದೆ, ಇಲ್ಲವೇ ಗಾಳಿಯಲ್ಲಿ ತೂಗುತ್ತದೆ. ಎಂಜಿನ್ ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನಲ್ಲಿ, ಎರಡನ್ನೂ ಒಟ್ಟಿಗೆ ತಿರುಗಿಸುವ ಲಾಕರ್ ಇಲ್ಲದಿದ್ದರೆ ಭಾರವಿಲ್ಲದ ಆ ಚಕ್ರವೇ ಗಿರ್ರನೆ ಸುತ್ತುತ್ತದೆ, ಹಿಡಿತವಿರುವ ಚಕ್ರ ಅಲುಗುವುದಿಲ್ಲ. ಕ್ಯಾಬಿನ್ ಒಳಗೆ ಕೂತವರಿಗೆ ಇದರ ಇನ್ನೊಂದು ಮುಖ ಗೊತ್ತಾಗುತ್ತದೆ: ಒಂದು ಕಲ್ಲು ಹತ್ತಿದ ಕೂಡಲೇ ಇಡೀ ಗಾಡಿ ಪಕ್ಕಕ್ಕೆ ಜೋಲಿ ಹೊಡೆದು ತಲೆ ಕಿಟಕಿಯತ್ತ ಎಸೆದಂತಾಗುತ್ತದೆ. ಲಿಂಕ್ ಬಿಚ್ಚಿದ ಮೇಲೆ ಅದೇ ಕಲ್ಲು ಹತ್ತಿದರೆ ಚಕ್ರ ತಾನೊಂದೇ ಎದ್ದು ಬಿದ್ದು ಸುಮ್ಮನಾಗುತ್ತದೆ, ಗಾಡಿಯ ಮೈ ಬಹುಮಟ್ಟಿಗೆ ನೆಟ್ಟಗೇ ಇರುತ್ತದೆ. ನಿಧಾನ ದಾರಿಯಲ್ಲಿ ಈ ನೆಮ್ಮದಿ ಎಳೆತದಷ್ಟೇ ಮುಖ್ಯ ಎಂದು ನನಗನ್ನಿಸುತ್ತದೆ, ಏಕೆಂದರೆ ದಣಿಯದ ಚಾಲಕ ಚಕ್ರವನ್ನು ಎಲ್ಲಿಡಬೇಕೋ ಅಲ್ಲಿಡುತ್ತಾನೆ.

ಚಕ್ರಗಳ ಈ ಮೇಲೆ-ಕೆಳಗಿನ ಆಟಕ್ಕೆ ಆರ್ಟಿಕ್ಯುಲೇಶನ್ ಎನ್ನುತ್ತಾರೆ, ಆಡುಮಾತಿನಲ್ಲಿ ಫ್ಲೆಕ್ಸ್. ಅಳೆಯಲು ಒಂದು ಪದ್ಧತಿಯೂ ಇದೆ: 20 ಡಿಗ್ರಿ ಇಳಿಜಾರಿನ ರ‍್ಯಾಂಪ್ ಮೇಲೆ ಒಂದೇ ಮುಂಚಕ್ರ ಹತ್ತಿಸಿ, ಯಾವುದಾದರೂ ಇನ್ನೊಂದು ಚಕ್ರ ನೆಲ ಬಿಡುವ ಮುಂಚೆ ಎಷ್ಟು ದೂರ ಏರಿತು ನೋಡುವುದು, ಅದನ್ನು ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರವಾದ ವೀಲ್‌ಬೇಸ್‌ನಿಂದ ಭಾಗಿಸಿ 1000ದಿಂದ ಗುಣಿಸುವುದು. ಈ ಅಂಕಿಗೆ ರ‍್ಯಾಂಪ್ ಟ್ರಾವೆಲ್ ಇಂಡೆಕ್ಸ್ ಎಂದು ಹೆಸರು. ವೀಲ್‌ಬೇಸ್ ಉದ್ದವಿರುವ ಪಿಕಪ್‌ಗಳಿಗೆ ಈ ಲೆಕ್ಕದಲ್ಲಿ ಅಂಕ ಕಡಿಮೆ ಬೀಳುವುದು ಸಹಜ. ಹಾಗಾಗಿ ಬೇರೆ ಗಾಡಿಗಿಂತ ನಿಮ್ಮದೇ ಗಾಡಿಯ ಲಿಂಕ್ ಹಾಕಿದ ಅಂಕ, ಬಿಚ್ಚಿದ ಅಂಕ ಇವೆರಡನ್ನು ಹೋಲಿಸುವುದು ಹೆಚ್ಚು ಉಪಯುಕ್ತ.

ಎಲ್ಲ ಪಿಕಪ್‌ಗಳಿಗೂ ಲಾಭ ಒಂದೇ ಅಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. ಮುಂದೆ ಇಡಿಯಾದ ಸಾಲಿಡ್ ಆಕ್ಸಲ್ ಇರುವ ಗಾಡಿಗಳಲ್ಲಿ, ಅಂದರೆ ಜೀಪ್ ಗ್ಲಾಡಿಯೇಟರ್, ರ‍್ಯಾಮ್ ಪವರ್ ವ್ಯಾಗನ್‌ನಂಥವುಗಳಲ್ಲಿ, ಸರಳಿನ ಹಿಡಿತ ಸಡಿಲಿಸಿದರೆ ಆಕ್ಸಲ್ ತಕ್ಕಡಿ ದಂಡಿಗೆಯಾಗಿ ವಾಲುತ್ತದೆ, ಫ್ಲೆಕ್ಸ್ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಆದರೆ ಇಂದಿನ ಬಹುಪಾಲು ಪಿಕಪ್‌ಗಳಲ್ಲಿ ಮುಂದೆ ಇರುವುದು ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್: ಟೊಯೊಟಾ ಹೈಲಕ್ಸ್, ಫೋರ್ಡ್ ರೇಂಜರ್, ಇಸುಝು ಡಿ-ಮ್ಯಾಕ್ಸ್ ಎಲ್ಲವೂ ಹಾಗೆಯೇ. ಇವುಗಳಲ್ಲಿ ಚಕ್ರ ಎಷ್ಟು ಇಳಿಯಬಲ್ಲದು ಎಂಬುದನ್ನು ಕೊನೆಗೂ ನಿರ್ಧರಿಸುವುದು ಶಾಕ್ ಅಬ್ಸಾರ್ಬರ್‌ನ ಉದ್ದ, ಕಂಟ್ರೋಲ್ ಆರ್ಮ್‌ನ ಅಳತೆ ಮತ್ತು ಡ್ರೈವ್ ಶಾಫ್ಟ್ ಜಾಯಿಂಟ್ ತಾಳುವ ಕೋನ. ಸರಳು ತೆಗೆದರೆ ಆ ಮಿತಿಯವರೆಗೆ ಚಕ್ರ ಸಲೀಸಾಗಿ ಹೋಗುತ್ತದೆಯೇ ಹೊರತು ಮಿತಿ ದೊಡ್ಡದಾಗುವುದಿಲ್ಲ. ಹಿಂದಿನ ಕಡೆಯಂತೂ ಲೀಫ್ ಸ್ಪ್ರಿಂಗ್ ಇರುವ ಅನೇಕ ಪಿಕಪ್‌ಗಳಲ್ಲಿ ಸ್ವೇ ಬಾರ್ ಇರುವುದೇ ಇಲ್ಲ. ಆ ಪಟ್ಟಿಗಳೇ ವಾಲುವಿಕೆಯನ್ನು ಸಾಕಷ್ಟು ತಡೆಯುತ್ತವೆ, ಮತ್ತು ಫ್ಲೆಕ್ಸ್‌ನ ದೊಡ್ಡ ಪಾಲು ಹೇಗೂ ಹಿಂದಿನ ಆಕ್ಸಲ್‌ನಿಂದಲೇ ಬರುತ್ತದೆ.

ನಿಮ್ಮ ಗಾಡಿಯಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನೋಡಲು ರ‍್ಯಾಂಪೇ ಬೇಕೆಂದಿಲ್ಲ. ಗಟ್ಟಿ ದಿಬ್ಬವೊಂದಕ್ಕೆ ಒಂದು ಮುಂಚಕ್ರ ಹತ್ತಿಸಿ ನಿಲ್ಲಿಸಿ, ಟೇಪ್ ಹಿಡಿದು ಇನ್ನೊಂದು ಮುಂಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ. ಲಿಂಕ್ ಬಿಚ್ಚಿ, ಅದೇ ದಿಬ್ಬದ ಅದೇ ಜಾಗಕ್ಕೆ ಹತ್ತಿಸಿ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವಿನ ಅಂತರವೇ ನಿಮಗೆ ಸಿಗುವ ಲಾಭ. ಅದು ಬೆರಳಗಲದಷ್ಟಿದ್ದರೆ ಈ ಯೋಚನೆ ಅಲ್ಲಿಗೇ ಬಿಡಬಹುದು. ಎಳೆತ ಸಾಲದು ಎಂಬುದೇ ನಿಮ್ಮ ತೊಂದರೆಯಾದರೆ, ಟೈರ್ ಗಾಳಿ ಇಳಿಸುವುದು, ಹಿಂದೆ ಒಂದು ಲಾಕರ್ ಹಾಕಿಸುವುದು ಇದಕ್ಕಿಂತ ಹೆಚ್ಚು ಫಲ ಕೊಡುತ್ತವೆ.

ಇನ್ನು ಡಾಂಬರು ರಸ್ತೆ. ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ಗಾಡಿಯ ತೂಕ, ಅದರ ಗುರುತ್ವ ಕೇಂದ್ರದ ಎತ್ತರ, ಎಡ-ಬಲ ಚಕ್ರಗಳ ನಡುವಿನ ಅಗಲ, ತಿರುವಿನ ರಭಸ ಇವು ನಾಲ್ಕು ನಿರ್ಧರಿಸುತ್ತವೆ. ಸ್ವೇ ಬಾರ್ ಇದ್ದರೂ ಇಲ್ಲದಿದ್ದರೂ ಆ ಒಟ್ಟು ಮೊತ್ತದಲ್ಲಿ ಹೆಚ್ಚೇನೂ ವ್ಯತ್ಯಾಸವಾಗದು. ಬದಲಾಗುವುದು ಎರಡು. ಒಂದು, ಗಾಡಿಯ ಮೈ ಎಷ್ಟು ವಾಲುತ್ತದೆ ಎಂಬುದು. ಇನ್ನೊಂದು, ಆ ಭಾರದಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರುತ್ತದೆ, ಹಿಂದಿನದು ಎಷ್ಟು ಎಂಬ ಹಂಚಿಕೆ. ಮುಂದಿನ ಬಾರ್ ತೆಗೆದಾಗ ಹೆಚ್ಚಿನ ಪಾಲು ಹಿಂದಕ್ಕೆ ಹೋಗುತ್ತದೆ. ತೊಟ್ಟಿ ಖಾಲಿ ಇರುವ ಪಿಕಪ್‌ನ ಹಿಂಭಾಗ ಮೊದಲೇ ಹಗುರ, ಅಲ್ಲಿ ಹಿಡಿತ ಕಡಿಮೆ. ಹೀಗಾಗಿ ರಸ್ತೆ ಒದ್ದೆಯಿದ್ದಾಗ ಹಿಂಭಾಗ ಜಾರಿ ಹೊರಕ್ಕೆ ಬೀಸುವ ಸಂಭವ ಹೆಚ್ಚುತ್ತದೆ. ಕಂಪನಿಗಳು ಬೇಕೆಂದೇ ಇದಕ್ಕೆ ವಿರುದ್ಧವಾಗಿ, ಮಿತಿ ಮೀರಿದಾಗ ಮುಂಭಾಗವೇ ಮೊದಲು ಜಾರುವಂತೆ ಗಾಡಿ ಮಾಡುತ್ತವೆ, ಏಕೆಂದರೆ ಬಹುತೇಕ ಚಾಲಕರು ಅದನ್ನು ಸಂಭಾಳಿಸಬಲ್ಲರು.

ಬಾರ್ ತೆಗೆದ ಗಾಡಿಯನ್ನು ನೇರ ದಾರಿಯಲ್ಲಿ ಮೆಲ್ಲಗೆ ಓಡಿಸಿ ‘ಏನೂ ವ್ಯತ್ಯಾಸವಿಲ್ಲ’ ಎನ್ನುವವರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ, ಆ ವೇಗದಲ್ಲಿ ನಿಜಕ್ಕೂ ಹೆಚ್ಚು ಗೊತ್ತಾಗದು. ಗೊತ್ತಾಗುವುದು ಎದುರಿಗೆ ಏನೋ ಅಡ್ಡ ಬಂದು ಸ್ಟೀರಿಂಗ್ ಎಡಕ್ಕೆಳೆದು, ಮರುಕ್ಷಣ ಬಲಕ್ಕೆ ತಿರುಗಿಸಬೇಕಾದಾಗ. ಮೊದಲ ಎಳೆತಕ್ಕೆ ಗಾಡಿ ಬಲಕ್ಕೆ ಆಳವಾಗಿ ವಾಲಿ ಆ ಬದಿಯ ಸ್ಪ್ರಿಂಗ್‌ಗಳು ಕುಗ್ಗುತ್ತವೆ. ಎರಡನೇ ಎಳೆತದ ಹೊತ್ತಿಗೆ ಆ ಸ್ಪ್ರಿಂಗ್‌ಗಳು ಬಿಡುಗಡೆಯಾಗಿ ಮೈಯನ್ನು ಎಡಕ್ಕೆ ಎಸೆಯುತ್ತವೆ, ತಿರುವಿನ ಬಲವೂ ಅದೇ ದಿಕ್ಕಿಗೆ ಸೇರಿಕೊಳ್ಳುತ್ತದೆ. ಎತ್ತರದ ಗಾಡಿ ಮಗುಚುವ ಅಪಾಯ ಹೆಚ್ಚಿರುವುದು ಈ ಎರಡನೇ ಓಲಾಟದಲ್ಲಿ. ಮೇಲೆ ಟೆಂಟು, ನೀರಿನ ಕ್ಯಾನು, ಎರಡನೇ ಸ್ಟೆಪ್ನಿ ಹೇರಿದ್ದರೆ, ಲಿಫ್ಟ್ ಕಿಟ್ ಹಾಕಿ ಗಾಡಿ ಎತ್ತರಿಸಿದ್ದರೆ ಅಪಾಯ ಇನ್ನಷ್ಟು. ಕಚ್ಚಾದಾರಿಗೆಂದು ತಯಾರಾದ ಪಿಕಪ್‌ಗೆ ಇವೆಲ್ಲವೂ ಇರುತ್ತವೆ, ಅಂದರೆ ಬಾರ್ ಅಗತ್ಯ ಹೆಚ್ಚಿರುವುದೇ ಅಂಥ ಗಾಡಿಗೆ. ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕಿ ಹದ್ದುಬಸ್ತಿಗೆ ತರುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವಂತಿಲ್ಲ. ಅದರ ಲೆಕ್ಕಾಚಾರ ನಿಂತಿರುವುದು ಬಾರ್ ಇರುವ ಗಾಡಿಯ ನಡವಳಿಕೆಯ ಮೇಲೆ.

‘ಗಟ್ಟಿ ಶಾಕ್ ಹಾಕಿಸಿದರೆ ಬಾರ್ ಬೇಕಿಲ್ಲ’ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಶಾಕ್ ಅಬ್ಸಾರ್ಬರ್ ತಡೆಯುವುದು ಚಲನೆಯ ವೇಗವನ್ನು. ಗಾಡಿ ವಾಲುವುದು ನಿಧಾನವಾಗುತ್ತದೆ, ಅಷ್ಟೆ. ಉದ್ದನೆಯ ತಿರುವಿನಲ್ಲಿ ಕೊನೆಗೆ ಅದು ಶಾಕ್ ಬದಲಿಸುವ ಮುಂಚೆ ಎಷ್ಟು ವಾಲುತ್ತಿತ್ತೋ ಅಷ್ಟೇ ವಾಲಿ ನಿಲ್ಲುತ್ತದೆ.

ಕಚ್ಚಾದಾರಿ ಎಂದ ಕೂಡಲೇ ಬಾರ್ ಬೇಡ ಎಂದೂ ತಿಳಿಯಬೇಡಿ. ಅಗಲವಾದ ಜಲ್ಲಿರಸ್ತೆಯಲ್ಲಿ ವೇಗವಾಗಿ ಹೋಗುವಾಗ, ಮರಳುಗಾಡಿನ ದಿಬ್ಬಗಳಲ್ಲಿ, ಬೆಟ್ಟದ ಓರೆಯಲ್ಲಿ ಅಡ್ಡಡ್ಡ ಸಾಗುವಾಗ ಬಾರ್ ಇರಲೇಬೇಕು. ಓರೆಯಲ್ಲಿ ಅದಿಲ್ಲದಿದ್ದರೆ ಇಳಿಜಾರಿನತ್ತ ಮೈ ಇನ್ನಷ್ಟು ವಾಲುತ್ತದೆ, ಮೊದಲೇ ಕಡಿಮೆಯಿರುವ ಭದ್ರತೆ ಮತ್ತೂ ಕುಗ್ಗುತ್ತದೆ. ಬಾರ್ ಸಡಿಲಿಸಬೇಕಾದದ್ದು ಬಂಡೆ, ಕೊರಕಲು, ಅಡ್ಡ ಹಳ್ಳಗಳ ನಿಧಾನದಾರಿಗೆ ಮಾತ್ರ.

ತಯಾರಕರೇ ಕಂಡುಕೊಂಡ ಉತ್ತರವೂ ಇದನ್ನೇ ಹೇಳುತ್ತದೆ. ರ‍್ಯಾಮ್ ಪವರ್ ವ್ಯಾಗನ್‌ನಲ್ಲಿ 2005ರಿಂದ, ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 2007ರ ಮಾದರಿಯಿಂದ ಒಂದು ಗುಂಡಿ ಒತ್ತಿದರೆ ಮುಂದಿನ ಬಾರ್ ಎರಡು ತುಂಡಾಗಿ ಬೇರ್ಪಡುತ್ತದೆ. ರೂಬಿಕಾನ್‌ನಲ್ಲಿ ವೇಗ ಗಂಟೆಗೆ ಸುಮಾರು 29 ಕಿ.ಮೀ. ದಾಟಿದರೆ ಅದು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಟೊಯೊಟಾದ ಕೆಡಿಎಸ್‌ಎಸ್ ವ್ಯವಸ್ಥೆ ಮುಂದಿನ-ಹಿಂದಿನ ಬಾರ್‌ಗಳನ್ನು ಹೈಡ್ರಾಲಿಕ್ ಸಿಲಿಂಡರ್‌ಗಳಿಂದ ಬೆಸೆದು, ರಸ್ತೆಯಲ್ಲಿ ಬಿಗಿಯಾಗಿ, ಹಳ್ಳದಲ್ಲಿ ಸಡಿಲವಾಗಿ ಇರುವಂತೆ ನೋಡಿಕೊಳ್ಳುತ್ತದೆ. ಬಾರ್‌ನ್ನು ಶಾಶ್ವತವಾಗಿ ಕಿತ್ತು ಹಾಕಿ ಮಾರುವ ಧೈರ್ಯವನ್ನು ಇವರಲ್ಲಿ ಯಾರೂ ಮಾಡಿಲ್ಲ.

ಇಂಥ ಗುಂಡಿ ಇಲ್ಲದ ಗಾಡಿಯವರಿಗೆ ದಾರಿ ಎಂದರೆ ಕ್ವಿಕ್ ಡಿಸ್ಕನೆಕ್ಟ್ ಲಿಂಕ್, ಅಂದರೆ ನಟ್ ಬದಲು ಪಿನ್ ಇರುವ ಲಿಂಕ್ ರಾಡ್. ಅದು ನಿಮ್ಮ ಗಾಡಿಗೆ ಸಿಗದಿದ್ದರೆ ಮಾಮೂಲಿ ಲಿಂಕ್‌ನ್ನೇ ಬಿಚ್ಚಬೇಕು. ಗಾಡಿ ಸಮತಟ್ಟು ನೆಲದಲ್ಲಿ ನಿಲ್ಲಲಿ, ಇಲ್ಲವಾದರೆ ಬಾರ್ ತಿರುಚಿಕೊಂಡಿದ್ದು ನಟ್ ಬಿಟ್ಟೊಡನೆ ತುದಿ ಛಂಗನೆ ಸಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಬಾಲ್ ಜಾಯಿಂಟ್ ಇರುವ ಲಿಂಕ್‌ನಲ್ಲಿ ನಟ್ ತಿರುಗಿಸಿದರೆ ಒಳಗಿನ ಬೋಲ್ಟೂ ಜೊತೆಗೇ ತಿರುಗುತ್ತದೆ. ಅದರ ತುದಿಯ ಕುಳಿಗೆ ಆಲನ್ ಕೀ ಹಾಕಿ ಹಿಡಿದುಕೊಂಡು ಸ್ಪಾನರ್ ತಿರುಗಿಸಬೇಕು. ಮಣ್ಣು ತುಂಬಿದ ಕುಳಿಯಲ್ಲಿ ಕೀ ಪೂರ್ತಿ ಕೂರದೆ ಅಂಚು ಸವೆದುಹೋಗುವುದು ಸಾಮಾನ್ಯ, ಆದ್ದರಿಂದ ಮೊದಲು ಮೊಳೆಯಿಂದ ಕೆರೆದು ಚೊಕ್ಕ ಮಾಡಿ.

ಎರಡೂ ಬದಿ ಬಿಚ್ಚಿದ ಮೇಲೆ ಬಾರ್‌ನ ತೋಳುಗಳನ್ನು ಮೇಲೆತ್ತಿ ಛಾಸಿಗೆ ಪಟ್ಟಿಯಿಂದ ಭದ್ರವಾಗಿ ಕಟ್ಟಬೇಕು. ಜೋತುಬಿದ್ದ ತೋಳು ಟೈರ್‌ಗೋ ಬ್ರೇಕ್ ಪೈಪಿಗೋ ಸ್ಟೀರಿಂಗ್ ರಾಡ್‌ಗೋ ತಗುಲಿದರೆ ದೊಡ್ಡ ಅನಾಹುತ. ನಂತರ ಸ್ಟೀರಿಂಗ್‌ನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಚಕ್ರ ಈಗ ಮೊದಲಿಗಿಂತ ಕೆಳಗಿಳಿಯಬಲ್ಲದು, ಹಾಗಾಗಿ ಪೂರ್ತಿ ಇಳಿದಾಗ ಬ್ರೇಕ್ ಪೈಪು ಎಳೆದು ಬಿಗಿಯಾಗುತ್ತದೆಯೇ, ಪೂರ್ತಿ ಎದ್ದಾಗ ಟೈರ್ ಫೆಂಡರ್‌ಗೆ ಉಜ್ಜುತ್ತದೆಯೇ ಎಂದು ಒಂದು ದಿಬ್ಬದ ಮೇಲೆ ನಿಧಾನಕ್ಕೆ ಹತ್ತಿಸಿ ಪರೀಕ್ಷಿಸಿ. ಸಾಲಿಡ್ ಆಕ್ಸಲ್ ಇದ್ದರೆ ಕಾಯಿಲ್ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲೇ ಕೂತಿದೆಯೇ ಎಂಬುದನ್ನೂ.

ಮರಳಿ ಡಾಂಬರು ಸಿಗುವ ಮುಂಚೆ ಲಿಂಕ್ ಜೋಡಿಸಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಮತ್ತೆ ಮತ್ತೆ ಬಿಚ್ಚಿ ಹಾಕಿದ ಸೆಲ್ಫ್ ಲಾಕಿಂಗ್ ನಟ್ ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಹೊಸ ನಟ್‌ಗಳು ಜೊತೆಗಿರಲಿ. ರಸ್ತೆಯ ಸಣ್ಣ ಗುಂಡಿಗಳಲ್ಲಿ ಮುಂದಿನಿಂದ ಟಕ್ ಟಕ್ ಸದ್ದು ಬಂದರೆ ಒಂದೋ ನಟ್ ಸಡಿಲವಾಗಿದೆ, ಇಲ್ಲವೇ ಲಿಂಕ್‌ನ ರಬ್ಬರ್ ಟೋಪಿ ಹರಿದು ಜಾಯಿಂಟ್‌ಗೆ ಕೆಸರು ಹೊಕ್ಕಿದೆ. ಗಾಡಿ ನಿಲ್ಲಿಸಿ ಲಿಂಕ್ ರಾಡ್ ಹಿಡಿದು ಅಲುಗಾಡಿಸಿ ನೋಡಿ: ಕೈಗೆ ಸಡಿಲ ಸಿಕ್ಕಿದರೆ ನಟ್ ಬಿಗಿದು ಮತ್ತೊಮ್ಮೆ ಅಲುಗಾಡಿಸಿ, ಆಗಲೂ ಸಡಿಲವಿದ್ದರೆ ಲಿಂಕನ್ನೇ ಬದಲಿಸಬೇಕು.