ಬಿಲ್ ಹೋಗಿದ್ದು ಡಾಕ್ಟರ ಹೆಸರಲ್ಲಿ, ಆ ಹೊತ್ತಿಗೆ ಡಾಕ್ಟರು ಎಲ್ಲಿದ್ದರು?

ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಬಿಲ್‌ಗಳ ಚಾರ್ಟ್ ಆಡಿಟ್‌ಗೆ, ಅಂದರೆ ರೋಗಿಯ ದಾಖಲೆಯ ಜೊತೆ ಬಿಲ್ ತಾಳೆ ನೋಡೋಕೆ, ಕೂತಾಗ ನಾನು ಮೊದಲು ನೋಡುವುದು ಚಿಕಿತ್ಸೆಯ ಕೋಡ್ ಅಲ್ಲ, ಬಿಲ್ ಯಾರ ಎನ್‌ಪಿಐ (ಡಾಕ್ಟರು, ನರ್ಸ್ ಪ್ರಾಕ್ಟಿಷನರ್ ಮುಂತಾದವರಿಗೆ ಕೊಡುವ ಗುರುತಿನ) ನಂಬರಿನಲ್ಲಿ ಹೋಗಿದೆ ಅನ್ನೋದನ್ನು. ನರ್ಸ್ ಪ್ರಾಕ್ಟಿಷನರ್ (ಹೆಚ್ಚಿನ ತರಬೇತಿ ಪಡೆದು, ರೋಗಿಯನ್ನು ತಾವೇ ನೋಡಿ ಔಷಧಿ ಬರೆಯಬಲ್ಲ ನರ್ಸ್) ತಮ್ಮದೇ ನಂಬರಿನಲ್ಲಿ ಬಿಲ್ ಮಾಡಿದರೆ ಮೆಡಿಕೇರ್ ಡಾಕ್ಟರ ದರದ 85% ಕೊಡುತ್ತದೆ. ಅದೇ ಕೆಲಸ ‘ಇನ್ಸಿಡೆಂಟ್ ಟು’ (ಡಾಕ್ಟರ ಚಿಕಿತ್ಸೆಯ ಭಾಗವಾಗಿ ಬೇರೆಯವರು ಮಾಡಿದ ಕೆಲಸ) ನಿಯಮದಡಿ ಡಾಕ್ಟರ ನಂಬರಿನಲ್ಲಿ ಹೋದರೆ ಪೂರ್ತಿ 100%. ಯಾವಾಗ ಹಾಗೆ ಕಳಿಸಬಹುದು ಅನ್ನೋದು ತಿಳಿಯದೆ ಎಲ್ಲವನ್ನೂ ಡಾಕ್ಟರ ಹೆಸರಿಗೆ ಹಾಕುವ ಕ್ಲಿನಿಕ್‌ಗಳಿವೆ.

ನಿಯಮ ಅಷ್ಟೇನೂ ಕಷ್ಟದ್ದಲ್ಲ. ಆ ಕಾಯಿಲೆಗೆ ಮೊದಲು ಡಾಕ್ಟರೇ ರೋಗಿಯನ್ನು ನೋಡಿ ಚಿಕಿತ್ಸೆ ಹೇಗೆ ಅಂತ ತೀರ್ಮಾನಿಸಿರಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ನರ್ಸ್ ಪ್ರಾಕ್ಟಿಷನರ್ ರೋಗಿಯನ್ನು ನೋಡುವ ಹೊತ್ತಿಗೆ ಡಾಕ್ಟರು ಅದೇ ಕೋಣೆಯಲ್ಲಿ ಇರಬೇಕಿಲ್ಲ, ಆದರೆ ಕ್ಲಿನಿಕ್‌ನೊಳಗೇ ಇದ್ದು ಕರೆದ ತಕ್ಷಣ ಬರುವಂತಿರಬೇಕು. ಕೋವಿಡ್ ನಂತರ ಎಷ್ಟೋ ಸೇವೆಗಳಿಗೆ ನೇರ ವಿಡಿಯೊದಲ್ಲಿ ಸಿಗುವಂತಿದ್ದರೂ ಒಪ್ಪುತ್ತಾರೆ, ಬರೀ ಫೋನ್ ಸಾಲದು. ಚಿಕಿತ್ಸೆ ಶುರು ಮಾಡಿದ ಡಾಕ್ಟರು ಅವತ್ತು ರಜೆಯಲ್ಲಿದ್ದು ಅದೇ ಗುಂಪಿನ ಬೇರೆ ಡಾಕ್ಟರು ಕ್ಲಿನಿಕ್‌ನಲ್ಲಿದ್ದರೆ, ಬಿಲ್ ಹೋಗಬೇಕಾದದ್ದು ಅವತ್ತು ಇದ್ದವರ ನಂಬರಿನಲ್ಲಿ. ಇನ್ನು ಆಸ್ಪತ್ರೆಗೆ ಈ ನಿಯಮ ಅನ್ವಯಿಸುವುದೇ ಇಲ್ಲ.

ಒಂದು ಭೇಟಿಯನ್ನೇ ತಗೊಳ್ಳಿ. ರೋಗಿ ಸಕ್ಕರೆ ಕಾಯಿಲೆಯ ಫಾಲೋಅಪ್‌ಗೆ ಬಂದಿದ್ದಾರೆ, ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದಾರೆ, ಎಲ್ಲ ಸರಿ. ಹೊರಡುವ ಮುಂಚೆ ರೋಗಿ “ಮೂರು ದಿನದಿಂದ ಭುಜ ಎತ್ತೋಕಾಗ್ತಿಲ್ಲ” ಅಂತಾರೆ, ನರ್ಸ್ ಪ್ರಾಕ್ಟಿಷನರ್ ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಡುತ್ತಾರೆ. ಹೊಸ ತೊಂದರೆ ಬಂತಲ್ವಾ, ಅದನ್ನು ಡಾಕ್ಟರು ನೋಡಿಲ್ಲ. ಹಾಗಾಗಿ ಬಿಲ್ ನರ್ಸ್ ಪ್ರಾಕ್ಟಿಷನರ್ ನಂಬರಿನಲ್ಲೇ, 85%ಗೇ ಹೋಗಬೇಕು. ಚಿಕಿತ್ಸೆಯಲ್ಲಿ ಯಾವ ತಪ್ಪೂ ಇಲ್ಲ, ಹೆಸರು ಮಾತ್ರ ಸರಿಯಿರಬೇಕು.

ನನಗೆ ನಿಜಕ್ಕೂ ಬೇಸರ ತರಿಸುವುದು ಬಿಲ್‌ಗೆ ತಕ್ಕಂತೆ ನೋಟ್ (ಭೇಟಿಯ ದಾಖಲೆ) ತಿದ್ದುವುದು. “ಡಾಕ್ಟರು ಕ್ಲಿನಿಕ್‌ನಲ್ಲಿದ್ದರು” ಅನ್ನೋ ಸಾಲನ್ನು ಟೆಂಪ್ಲೇಟಿಗೇ ಸೇರಿಸಿಬಿಡುತ್ತಾರೆ, ಅವರು ರಜೆಯಲ್ಲಿದ್ದ ದಿನವೂ ಅದು ಪ್ರಿಂಟ್ ಆಗುತ್ತದೆ. ಹಳೇ ನೋಟ್ ಕಾಪಿ ಮಾಡಿ ಮುಂದಕ್ಕೆ ತಳ್ಳುವುದು ಇನ್ನೂ ಅಪಾಯ: “ಇವತ್ತಿನಿಂದ ಮೆಟ್‌ಫಾರ್ಮಿನ್ ಶುರು” ಅನ್ನೋ ಸಾಲು ಸತತ ಮೂರು ಭೇಟಿಗಳ ನೋಟ್‌ನಲ್ಲಿದ್ದರೆ, ಮುಂದೆ ನೋಡುವ ಡಾಕ್ಟರಿಗೆ ಮಾತ್ರೆ ಯಾವಾಗ ಶುರುವಾಯಿತು, ಡೋಸ್ ಬದಲಾಯಿತಾ ಅನ್ನೋದು ಹೇಗೆ ಗೊತ್ತಾಗಬೇಕು? ಪೆಟ್ಟು ಬೀಳುವುದು ರೋಗಿಗೆ.

ಬರೆಯಲು ಮರೆತಿದ್ದರೆ ಆಮೇಲೆ ಸೇರಿಸಬಹುದು. ಸೇರಿಸಿದ ದಿನದ ತಾರೀಖು, ಸಹಿ, ತಡವಾಗಿ ಬರೆದದ್ದು ಅನ್ನೋ ಗುರುತು ಇರಬೇಕು, ನಡೆದದ್ದನ್ನಷ್ಟೇ ಬರೆಯಬೇಕು. ಹಿಂದಿನ ತಾರೀಖು ಹಾಕಿದರೆ ಸಾಫ್ಟ್‌ವೇರ್ ಲಾಗ್‌ನಲ್ಲಿ ನಿಜವಾದ ಸಮಯ ಇದ್ದೇ ಇರುತ್ತದೆ.

1863ರಲ್ಲಿ ಬಂದ ಫಾಲ್ಸ್ ಕ್ಲೇಮ್ಸ್ ಆಕ್ಟ್ (ಸರ್ಕಾರಕ್ಕೆ ಸುಳ್ಳು ಬಿಲ್ ಕಳಿಸುವುದರ ವಿರುದ್ಧದ ಕಾನೂನು) ಪ್ರಕಾರ ಸರ್ಕಾರಕ್ಕಾದ ನಷ್ಟದ ಮೂರು ಪಟ್ಟು, ಜೊತೆಗೆ ಒಂದೊಂದು ಬಿಲ್‌ಗೂ ದಂಡ ಕಟ್ಟಬೇಕಾಗಬಹುದು. “ನನಗೆ ಗೊತ್ತಿರಲಿಲ್ಲ” ಅಂದರೆ ಸಾಲದು, ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಿದ್ದಂತೆಯೇ ಲೆಕ್ಕ. ಹಾಗಾಗಿ ಬಿಲ್ ಕಳಿಸುವ ಮುಂಚೆ ಡಾಕ್ಟರ ಡ್ಯೂಟಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ತಾರೀಖು ತಾಳೆ ನೋಡಿ. ಜಾಸ್ತಿ ಹಣ ಬಂದಿರುವುದು ಖಚಿತವಾದರೆ ಸಾಮಾನ್ಯವಾಗಿ 60 ದಿನದೊಳಗೆ ಅದನ್ನು ವಾಪಸ್ ಕಟ್ಟಬೇಕು.