ಗೆರಟೆ ಇದ್ದಿಲು ಯಾವ ಬಣ್ಣವನ್ನು ಹಿಡಿಯುತ್ತದೆ?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯದ ಕಡೆ ಗೆರಟೆ (ತೆಂಗಿನಕಾಯಿ ಚಿಪ್ಪು) ಅಂದರೆ ಬಚ್ಚಲೊಲೆಯ ಸೌದೆ. ಆದರೆ ಅದಕ್ಕೆ ಇನ್ನೊಂದು ದಾರಿಯೂ ಉಂಟು: ಆಕ್ಟಿವೇಟೆಡ್ ಕಾರ್ಬನ್.

ಗಾಳಿ ಸರಿಯಾಗಿ ತಾಗದ ಹಾಗೆ ಸುಟ್ಟರೆ ಗೆರಟೆ ಇದ್ದಿಲಾಗುತ್ತದೆ. ಆ ಇದ್ದಿಲಿಗೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರಾವಿ ಹಾಯಿಸುತ್ತಾರೆ. ಆವಿಯು ಒಂದಿಷ್ಟು ಇಂಗಾಲವನ್ನು ತಿಂದು ಹಾಕುತ್ತದೆ. ತಿಂದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಒಂದೇ ಒಂದು ಗ್ರಾಂ ಒಳ್ಳೆಯ ಕಾರ್ಬನ್ನಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 1000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 25 ಸೆಂಟ್ಸ್ ಜಾಗ! ಮನೆ ಕಟ್ಟಿ, ಬಾವಿ ತೋಡಿ, ನಾಲ್ಕು ತೆಂಗು ಇಡಬಹುದು.

ನೀರಲ್ಲಿ ಕರಗಿದ ಬಣ್ಣದ ಅಣುಗಳು ಈ ಗೋಡೆಗೆ ಅಂಟಿಕೊಳ್ಳುತ್ತವೆ. ಇದೇ ಅಧಿಶೋಷಣೆ. ಹೊಸ ಸಂಗತಿಯೇನಲ್ಲ, 1785ರಲ್ಲೇ ರಷ್ಯಾದಲ್ಲಿ ಟೋಬಿಯಾಸ್ ಲೋವಿಟ್ಸ್ ಇದ್ದಿಲಿನಿಂದ ದ್ರಾವಣದ ಬಣ್ಣ ತೆಗೆದಿದ್ದ.

ಹಾಗಾದರೆ ತಮಿಳುನಾಡಿನ ಬಟ್ಟೆ ಉದ್ಯಮದ ಊರು ತಿರುಪ್ಪೂರಿನ ಬಣ್ಣದ ನೀರಿಗೆ ನಮ್ಮ ಗೆರಟೆ ಕಾರ್ಬನ್ ಸುರಿದರೆ ಮುಗೀತಲ್ವಾ? ತಕರಾರು ಇರುವುದೇ ಅಲ್ಲಿ.

ಅಡಿಕೆ ಸಿಪ್ಪೆಯೋ ಹಲಸಿನ ಸಿಪ್ಪೆಯೋ, ಯಾವುದನ್ನು ಪುಡಿ ಮಾಡಿ ಬಣ್ಣ ಹಿಡಿಯುತ್ತದೆಯೇ ಅಂತ ಪರೀಕ್ಷಿಸಿದರೂ ಲ್ಯಾಬಿನಲ್ಲಿ ಮೊದಲು ಕೈ ಹೋಗುವುದು ಮೆಥಿಲೀನ್ ಬ್ಲೂ ಎಂಬ ಬಣ್ಣದ ಬಾಟಲಿಗೆ. ಕಡು ನೀಲಿ, ಅಳೆಯಲು ಸುಲಭ. ನೀರಲ್ಲಿ ಅದು ಪಾಸಿಟಿವ್ ಚಾರ್ಜ್ ಹೊತ್ತಿರುತ್ತದೆ. ಸಿಪ್ಪೆ ಪುಡಿಯ ಮೈ ಸಾಮಾನ್ಯವಾಗಿ ನೆಗೆಟಿವ್. ಎರಡೂ ಸೆಳೆದುಕೊಳ್ಳುತ್ತವೆ, ನೀರು ತಿಳಿಯಾಗುತ್ತದೆ, ಫಲಿತಾಂಶ ಭರ್ಜರಿ. ಆದರೆ ಹತ್ತಿ ಬಟ್ಟೆಗೆ ಹೆಚ್ಚಾಗಿ ಹಾಕುವುದು ರಿಯಾಕ್ಟಿವ್ ಡೈ ಎಂಬ ಬಗೆಯ ಬಣ್ಣ. ಬಟ್ಟೆಗೆ ಹಿಡಿಯದೆ ಚರಂಡಿಗೆ ಹೋಗುವುದು ಅದೇ. ಅದರ ಅಣುವಿನಲ್ಲಿರುವ, ನೆಗೆಟಿವ್ ಚಾರ್ಜಿನ ಸಲ್ಫೋನೇಟ್ ಗುಂಪುಗಳಿಂದಾಗಿ ಅದೂ ನೆಗೆಟಿವ್. ಸಿಪ್ಪೆ ಪುಡಿ ಅದನ್ನು ದೂಡಿಬಿಡುತ್ತದೆ. ಮೆಥಿಲೀನ್ ಬ್ಲೂ ಒಂದರಲ್ಲಿ ಗೆದ್ದ ಸಿಪ್ಪೆಯನ್ನು ಕಾರ್ಖಾನೆ ನೀರಿಗೆ ಮದ್ದು ಅಂತ ಸಾರುವುದು ನನ್ನ ಪ್ರಕಾರ ಅವಸರ.

ಗೆರಟೆ ಕಾರ್ಬನ್ನಿಗೆ ಬೇರೆ ತೊಡಕೂ ಇದೆ. ಅದರ ತೂತುಗಳಲ್ಲಿ ಹೆಚ್ಚಿನವು 2 ನ್ಯಾನೋಮೀಟರಿಗಿಂತ ಕಿರಿದು. ಕುಡಿಯುವ ನೀರಿನ ಕ್ಲೋರಿನ್, ವಾಸನೆ ತೆಗೆಯಲು ಅದೇ ಒಳ್ಳೆಯದು. ದೊಡ್ಡ ಮೈಯ ಡೈ ಅಣುಗಳು ಅಲ್ಲಿ ನುಗ್ಗಲು ಒದ್ದಾಡುತ್ತವೆ. ಅವಕ್ಕೆ ಸ್ವಲ್ಪ ಅಗಲ ತೂತಿನ, ಮರದಿಂದ ಮಾಡಿದ ಕಾರ್ಬನ್ನೇ ವಾಸಿ. ಅಭಿಮಾನ ಬಿಟ್ಟು ಒಪ್ಪಬೇಕು.

ನೀರಿಗೆ ಆಮ್ಲ ಹಾಕಿದರೆ ಕಾರ್ಬನ್ನಿನ ಮೈ ಪಾಸಿಟಿವ್ ಆಗಿ ರಿಯಾಕ್ಟಿವ್ ಡೈಯನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ನೀರನ್ನು ಹೊರಬಿಡುವ ಮೊದಲು ಕ್ಷಾರ ಬೆರೆಸಿ ಸರಿ ಮಾಡಬೇಕು. ಆಗ ಹುಟ್ಟುವುದು ಉಪ್ಪು. ಬಣ್ಣ ಹಾಕುವಾಗಲೇ ಲೀಟರಿಗೆ 50 ಗ್ರಾಂ, ಕೆಲವೊಮ್ಮೆ ಇನ್ನೂ ಜಾಸ್ತಿ ಉಪ್ಪು ಸುರಿದಿರುತ್ತಾರೆ. ಕಾರ್ಬನ್ ಅದನ್ನು ಮುಟ್ಟುವುದೇ ಇಲ್ಲ. ತಿರುಪ್ಪೂರಿನ ನೊಯ್ಯಲ್ ಹೊಳೆಯ ಬದಿಯ ರೈತರ ಹೊಲ, ಬಾವಿ ಕೆಟ್ಟದ್ದರಲ್ಲಿ ಈ ಉಪ್ಪಿನ ಪಾಲು ದೊಡ್ಡದು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಹನಿ ನೀರನ್ನೂ ಹೊಳೆಗೆ ಬಿಡಬಾರದು ಎಂಬ ಷರತ್ತಿಗಾಗಿ ಈಗ ಅಲ್ಲಿ ನೀರಿನಿಂದ ಉಪ್ಪು ಬೇರ್ಪಡಿಸುವ ಆರ್‌ಒ ಯಂತ್ರ, ನೀರು ಆವಿ ಮಾಡುವ ಯಂತ್ರಗಳು ಬೇಕು. ಕೊಳಚೆ ತಿನ್ನಲು ಬಿಟ್ಟ ಬ್ಯಾಕ್ಟೀರಿಯಾ ತಿನ್ನದೆ ಉಳಿಸಿದ ಅಲ್ಪಸ್ವಲ್ಪ ಬಣ್ಣ ಹಿಡಿಯಲು ಮಾತ್ರ ಕಾರ್ಬನ್ ಬೇಕಾದೀತು.

ತುಂಬಿದ ಕಾರ್ಬನ್ನನ್ನು ಏನು ಮಾಡುವುದು? ಬಣ್ಣ ಮಾಯವಾಗಿಲ್ಲ, ನೀರಿಂದ ಕಾರ್ಬನ್ನಿಗೆ ದಾಟಿದೆ ಅಷ್ಟೆ. ಕುಲುಮೆ ಇದ್ದವರು ಅದನ್ನು ಮತ್ತೆ ಕಾಯಿಸಿ ಬಳಸಬಹುದು. ಪ್ರತಿ ಸಲವೂ ಒಂದಿಷ್ಟು ಉರಿದುಹೋಗುತ್ತದೆ. ಸಣ್ಣ ಘಟಕದವರ ಪುಡಿ ಕಾರ್ಬನ್ ಕೆಸರಿನ ಜೊತೆ ಬೆರೆತ ಮೇಲೆ ಬೇರ್ಪಡಿಸುವುದೇ ಕಷ್ಟ. ಅದನ್ನು ಕೆಸರಿನ ಸಮೇತ ಚೀಲಕ್ಕೆ ತುಂಬಿ, ದುಡ್ಡು ಕೊಟ್ಟು ಸಾಗಿಸಬೇಕು.